ಹಸು ರಜೆ ಹಾಕಿದೆ, ಮಾವ!

'ಕೊಟ್ಟಿಗೆಯ ಸೊಸೆ' ಎಂದು ಸಹಿ ಹಾಕಿದವರೇ, ನಿಮ್ಮ ಪತ್ರ ಓದಿದಾಗಿನಿಂದ ಬೇರೆ ಪತ್ರ ತೆರೆಯಲು ಮನಸ್ಸಾಗಿಲ್ಲ.

ಪಟ್ಟಣದಲ್ಲಿ ಬೆಳೆದು, ಮದುವೆಯಾಗಿ ತೋಟದ ಮನೆಗೆ ಬಂದಿದ್ದೀರಿ. ಏನು ಕೇಳಿದರೂ ಮಾವನದು ತಲೆಹರಟೆ ಉತ್ತರ. ಈ ಹಸು ಯಾಕೆ ಹಾಲು ಕೊಡುತ್ತಿಲ್ಲ ಎಂದರೆ, "ಅದು ರಜೆ ಹಾಕಿದೆ." ಹುಂಜ ಇಲ್ಲದೆ ಕೋಳಿ ಮೊಟ್ಟೆ ಇಡುತ್ತಾ ಎಂದರೆ, "ಮೆಲ್ಲಗೆ ಕೇಳು, ಹುಂಜ ಬೇಜಾರು ಮಾಡಿಕೊಳ್ಳುತ್ತೆ." ಮನೆಯವರೆಲ್ಲ ನಗುತ್ತಾರೆ. ಈಗ ನೀವು ಕೇಳುವುದನ್ನೇ ಬಿಟ್ಟಿದ್ದೀರಿ.

ಮಾವನ ಮೇಲೆ ನನಗೆ ಕೋಪ ಬರಲಿಲ್ಲ. ಗಬ್ಬದ ಹಸುವಿಗೆ ಕರು ಹಾಕುವ ಮುಂಚೆ ಸುಮಾರು 60 ದಿನ ಹಾಲು ಬತ್ತಿಸಿ ಕೆಚ್ಚಲಿಗೆ ಬಿಡುವು ಕೊಡುತ್ತಾರೆ. ರಜೆ ಅಂದರೆ ಅದೇ ಅಲ್ವಾ? ಹುಂಜ ಇಲ್ಲದಿದ್ದರೂ ಕೋಳಿ ಮೊಟ್ಟೆ ಇಡುತ್ತೆ, ಅದರಿಂದ ಮರಿ ಆಗುವುದಿಲ್ಲ ಅಷ್ಟೇ. ಮಾವ ಅರ್ಧ ಹೇಳಿ ನಿಲ್ಲಿಸುತ್ತಾರೆ. ಮಿಕ್ಕ ಅರ್ಧ ನಿಮ್ಮ ಗಂಡನಿಗೆ ಚೆನ್ನಾಗಿ ಗೊತ್ತು. ಆದರೂ ಎಲ್ಲರ ಜೊತೆ ನಕ್ಕು ಎದ್ದು ಹೋಗುತ್ತಾರೆ. ತಪ್ಪು ಅವರದು.

ಕೊನೆಯಲ್ಲಿ ಸುಮ್ನೆ ಒಂದು ಸಾಲು ಗೀಚಿದ್ದೀರಿ. ಮಾವ ಜೋರಾಗಿ ಮಾತಾಡುತ್ತಾ ಬಂದು ಕೂತರೆ ಕೆಂದ ಹಸು ಸೊರ ಬಿಡುವುದಿಲ್ಲ, ಅಂದರೆ ಕೆಚ್ಚಲಿಗೆ ಹಾಲು ಇಳಿಸುವುದಿಲ್ಲ, ನೀವು ಕೂತರೆ ಬಿಡುತ್ತೆ ಅಂತ. ಪತ್ರ ಶುರುವಾಗಬೇಕಿದ್ದದ್ದೇ ಇಲ್ಲಿಂದ! ಗಾಬರಿಯಾದ ಹಸು ಹಾಲು ಬಿಗಿಹಿಡಿಯುತ್ತೆ. ಮೆಲ್ಲಗೆ ಕೆಚ್ಚಲು ತೊಳೆದು ಸವರಿದರೆ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ಒಂದೆರಡು ನಿಮಿಷದಲ್ಲಿ ಹಾಲು ಇಳಿಯುತ್ತೆ. ಅದರ ಪ್ರಭಾವ ಕೆಲವೇ ನಿಮಿಷ. ಅಷ್ಟರೊಳಗೆ ಹಾಲು ಕರೆದು ಮುಗಿಸಬೇಕು. ಇದನ್ನು ಯಾರೂ ನಿಮಗೆ ಹೇಳಿಕೊಡಲಿಲ್ಲ. ಹಸುವನ್ನು ನೋಡಿ ನೋಡಿ ನೀವೇ ಕಲಿತಿರಿ.

ಈ ಅಂಕಣದಲ್ಲಿ ನಾನು ಹೇಳುತ್ತಲೇ ಇರುತ್ತೇನೆ, ಕೇಳಿದವರಿಗೆ ಉತ್ತರ ಸಿಗಲೇಬೇಕು. ಜೊತೆಗೆ ನಗುವೂ ಬಂದರೆ ಒಳ್ಳೆಯದೇ.

ಒಂದೇ ಕೆಲಸ ಮಾಡಿ. ನಾಳೆ ಬೆಳಿಗ್ಗೆ ಕೊಟ್ಟಿಗೆಯಲ್ಲೇ ಮಾವನಿಗೆ ಒಂದು ಪ್ರಶ್ನೆ ಹಾಕಿ. ತಮಾಷೆ ಬರುತ್ತೆ, ನೀವೂ ನಗಿ. ಆಮೇಲೆ "ಸರಿ ಮಾವ, ಮಿಕ್ಕಿದ್ದು ಹೇಳಿ" ಎಂದು ಅಲ್ಲೇ ನಿಲ್ಲಿ. ಹೇಳುವ ತನಕ ಕದಲಬೇಡಿ. ಕೆಂದ ಹಸು ನಿನಗೇ ಯಾಕೆ ಸೊರ ಬಿಡುತ್ತೆ ಎಂದು ಅವರು ಕೇಳಿದರೆ, "ನೀವು ಬಂದ ಕೂಡಲೇ ಅದು ರಜೆ ಹಾಕುತ್ತೆ ಮಾವ" ಎನ್ನಿ. ಅವರು ನಕ್ಕು ಮುಗಿಸಿದ ಮೇಲೆ, ಮಿಕ್ಕಿದ್ದನ್ನೂ ಹೇಳಿಕೊಡಿ.