ಎತ್ತರಕ್ಕಿಂತ ಮೊದಲು ಆಳ ಕೇಳಿ

ನಿಮ್ಮ ಪತ್ರ ಓದಿದೆ. ಇಂಗ್ಲೆಂಡಿನ ನಿಮ್ಮ ಮನೆಯ ಪಕ್ಕದವರು ಹಿತ್ತಲಲ್ಲಿ ಒಂದು ರೂಮು ಕಟ್ಟಲು ಬೇಲಿಯಿಂದ ಅರ್ಧ ಮೀಟರ್ ಬಿಟ್ಟು ಗೂಟ ಹೊಡೆದು ದಾರ ಕಟ್ಟಿದ್ದಾರೆ, ನಿಮ್ಮ ಅಡುಗೆಮನೆ ಗೋಡೆಗೆ ಅದು ಬರೀ ಎರಡು ಮೀಟರ್, ಕೇಳಿದರೆ ‘ಪರ್ಮಿಷನ್ ಬೇಕಿಲ್ಲ’ ಅಂತಾರೆ, ಇದು ನಿಜವಾ ಅಂತ ಕೇಳಿದ್ದೀರಿ.

ನಿಜ ಇರಬಹುದು. ಅಲ್ಲಿ ಹಿತ್ತಲಿನ ಸಣ್ಣ ಕಟ್ಟಡಗಳಿಗೆ ಸಾಮಾನ್ಯವಾಗಿ ಪ್ಲ್ಯಾನಿಂಗ್ ಪರ್ಮಿಷನ್ ಬೇಡ. ಆದರೆ ಗಡಿಯಿಂದ 2 ಮೀಟರ್ ಒಳಗೆ ಬಂದರೆ ಎತ್ತರ 2.5 ಮೀಟರ್ ದಾಟಬಾರದು. ಇಲ್ಲಿ ಬಹಳ ಜನ ಎಡವುತ್ತಾರೆ. ನೆಲ ಇಳಿಜಾರಾಗಿದ್ದರೆ, ಕಟ್ಟಡಕ್ಕೆ ತಾಗಿದ ನೆಲ ಎಲ್ಲಿ ಎತ್ತರವಾಗಿದೆಯೋ ಅಲ್ಲಿಂದ ಅಳೀತಾರೆ. ನಿಮ್ಮ ಹಿತ್ತಲು ತಗ್ಗಿನಲ್ಲಿದ್ದರೆ ನಿಮ್ಮ ಕಣ್ಣಿಗೆ 3 ಮೀಟರ್ ಕಂಡರೂ ಅದು ನಿಯಮದೊಳಗೇ ಇರಬಹುದು. ಹಾಗಾಗಿ ಬರೀ ಎತ್ತರ ಹಿಡಿದು ಅಲ್ಲಿನ ಸ್ಥಳೀಯ ಆಡಳಿತ, ಅಂದರೆ ಕೌನ್ಸಿಲ್‌ಗೆ ದೂರು ಕೊಟ್ಟರೆ ಸುಮ್ನೆ ಮನಸ್ತಾಪ ಅಷ್ಟೇ.

ನನಗೆ ಜಾಸ್ತಿ ಚಿಂತೆ ಆಗಿದ್ದು ಆ ಎರಡು ಮೀಟರ್ ನೋಡಿ. ಪರ್ಮಿಷನ್ ಬೇಡ ಅಂದ ಮಾತ್ರಕ್ಕೆ ಪಕ್ಕದ ಮನೆಯವರಿಗೆ ಹೇಳೋದೇ ಬೇಡ ಅಂತಲ್ಲ. ಅದಕ್ಕೆ 1996ರ ಪಾರ್ಟಿ ವಾಲ್ ಕಾಯ್ದೆ (ಪಕ್ಕದವರ ಗೋಡೆ, ಪಾಯದ ಹತ್ತಿರ ಮಾಡುವ ಕೆಲಸದ ಕಾಯ್ದೆ) ಅಂತ ಬೇರೆಯೇ ಇದೆ. ನಿಮ್ಮ ಕಟ್ಟಡದಿಂದ 3 ಮೀಟರ್ ಒಳಗೆ, ನಿಮ್ಮ ಪಾಯಕ್ಕಿಂತ ಆಳಕ್ಕೆ ಅಗೆಯುವುದಾದರೆ ಕನಿಷ್ಠ ಒಂದು ತಿಂಗಳು ಮುಂಚೆ ನಿಮಗೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ಕೊಟ್ಟ ಮೇಲೆ 14 ದಿನದೊಳಗೆ ನೀವು ಉತ್ತರ ಬರೆಯದಿದ್ದರೆ ಒಪ್ಪಿಗೆ ಇಲ್ಲ ಅಂತಲೇ ಲೆಕ್ಕ, ಆಗ ವಿಷಯ ಸರ್ವೇಯರ್ (ಇಂಥ ಕಟ್ಟಡದ ತಕರಾರು ಬಗೆಹರಿಸುವ ತಜ್ಞರು) ಕೈಗೆ ಹೋಗುತ್ತೆ, ಅವರ ಫೀಸು ಸಾಮಾನ್ಯವಾಗಿ ಕಟ್ಟುವವರದ್ದೇ. ಈ ಕಾಯ್ದೆಯನ್ನು ಕೌನ್ಸಿಲ್ ಜಾರಿ ಮಾಡೋದಿಲ್ಲ, ನೋಟಿಸ್ ಇಲ್ಲದೆ ಅಗೆದರೆ ತಡೆಯಾಜ್ಞೆಗೆ ಕೋರ್ಟಿಗೇ ಹೋಗಬೇಕು. ಹಗುರವಾದ ಮರದ ರೂಮಾದರೆ ಅಷ್ಟು ಆಳದ ಪಾಯ ಬೇಕಾಗದೇ ಇರಬಹುದು, ಆಗ ಈ ನೋಟಿಸಿನ ಮಾತೇ ಬರೋದಿಲ್ಲ.

ಬೇಲಿಯೇ ಗಡಿ ಅಂತಲೂ ನಂಬಿ ಕೂರಬೇಡಿ. ಲ್ಯಾಂಡ್ ರಿಜಿಸ್ಟ್ರಿ (ಜಮೀನು ನೋಂದಣಿ ಕಚೇರಿ) ನಕ್ಷೆಯ ಕೆಂಪು ಗೆರೆ ಕೂಡ ಹೆಚ್ಚುಕಡಿಮೆ ಗಡಿ ತೋರಿಸುತ್ತೆ, ಇಂಚಿನ ಲೆಕ್ಕಕ್ಕೆ ಬರೋದಿಲ್ಲ.

ಇನ್ನೂ ದಾರ ಮಾತ್ರ ಕಟ್ಟಿದ್ದಾರೆ, ಅಗೆದಿಲ್ಲ ಅಲ್ವಾ? ಹಾಗಾದರೆ ಈ ವಾರವೇ ಹೋಗಿ ಪಾಯ ಎಷ್ಟು ಆಳ ಅಂತ ಅವರನ್ನೇ ಕೇಳಿ. ಅಡುಗೆಮನೆ ಗೋಡೆಯಲ್ಲಿ ಈಗಾಗಲೇ ಇರುವ ಬಿರುಕುಗಳ ಪಕ್ಕ ಸ್ಕೇಲು ಹಿಡಿದು, ತಾರೀಕು ಕಾಣುವ ಹಾಗೆ ಫೋಟೋ ತೆಗೆದಿಡಿ.