ಡೆಂಗಿ ಒಮ್ಮೆ ಬಂದು ಹೋದ ಮೇಲೆ ರಕ್ಷಣೆ ಎಷ್ಟು ವರ್ಷ ಉಳಿಯುತ್ತದೆ?

ಕಳೆದ ವರ್ಷ ಡೆಂಗಿಯಿಂದ ಗುಣವಾಗಿದ್ದೀರಿ, ರಕ್ತಪರೀಕ್ಷೆಯಲ್ಲಿ ಪ್ರತಿಕಾಯಗಳು ಕಂಡಿವೆ, ಇನ್ನೆಷ್ಟು ವರ್ಷ ನಿಶ್ಚಿಂತೆಯಿಂದ ಇರಬಹುದು ಎಂದು ಕೇಳಿದ್ದೀರಿ. ಅಂಥದೇ ಒಂದು ವರದಿ ನನ್ನ ಬಳಿಯೂ ಇತ್ತು. ‘ಐಜಿಜಿ ಪಾಸಿಟಿವ್’ (ಐಜಿಜಿ ಎಂದರೆ ಸೋಂಕಿನ ನಂತರ ರಕ್ತದಲ್ಲಿ ಬಹುಕಾಲ ಕಾಣುವ ಪ್ರತಿಕಾಯ) ಎಂಬ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಅದನ್ನು ಕಡತದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಚಳಿಯೊಂದಿಗೆ ಜ್ವರ ಬಂತು. ಕಣ್ಣುಗುಡ್ಡೆಗಳ ಹಿಂದೆ ನೋವು, ಕೀಲುಗಳನ್ನು ಹಿಂಡಿದಂಥ ಮೈಕೈ ನೋವು, ಎಲ್ಲವೂ ಮೊದಲ ಸಲದಂತೆಯೇ ಇತ್ತು. ಆದರೂ ಒಮ್ಮೆ ಬಂದದ್ದು ಮತ್ತೆ ಬಾರದೆಂದು ನಂಬಿ ವೈದ್ಯರ ಬಳಿ ಹೋಗದೆ, ನೋವಿಗೆ ಐಬುಪ್ರೊಫೇನ್ ನುಂಗುತ್ತ ಮಲಗಿದೆ. ನಾಲ್ಕನೆಯ ದಿನ ಬೆಳಿಗ್ಗೆ ಜ್ವರ ಇಳಿಯಿತು; ಗುಣವಾಯಿತೆಂದು ಮನೆಯವರಿಗೆ ನಾನೇ ಹೇಳಿದೆ. ಅಂದು ರಾತ್ರಿ ಹೊಟ್ಟೆನೋವು ತಡೆಯಲಾಗಲಿಲ್ಲ, ವಾಂತಿ ನಿಲ್ಲಲಿಲ್ಲ, ಬಾಯಿ ಮುಕ್ಕಳಿಸಿ ಉಗುಳಿದ ನೀರು ಕೆಂಪಾಗಿತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ರಕ್ತದೊತ್ತಡ ಕುಸಿದಿತ್ತು. ಐದು ದಿನ ತೀವ್ರ ನಿಗಾ ಘಟಕದಲ್ಲಿ ಕಳೆದೆ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ಇದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಯಾವ ಬಗೆ ಬಂದು ಹೋಯಿತೋ ಅದರ ವಿರುದ್ಧದ ರಕ್ಷಣೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಉಳಿದ ಮೂರರ ವಿರುದ್ಧ ಅದು ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಬಗೆಯ ವೈರಸ್ ಬಂದರೆ, ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸಲಾರದೆ, ಅದು ಬಿಳಿ ರಕ್ತಕಣಗಳೊಳಗೆ ನುಗ್ಗುವುದಕ್ಕೆ ದಾರಿ ಮಾಡಿಕೊಡಬಲ್ಲವು. ಎರಡನೆಯ ಡೆಂಗಿಯಲ್ಲಿ ಅಪಾಯ ಹೆಚ್ಚಲು ಇದೇ ಮುಖ್ಯ ಕಾರಣ. ನನ್ನ ದೇಹ ಏನನ್ನೂ ಮರೆತಿರಲಿಲ್ಲ. ನಾನು ಗೆರೆ ಎಳೆದಿಟ್ಟಿದ್ದ ಸಾಲು ಬಗೆ ಯಾವುದೆಂದು ಹೇಳಿರಲೇ ಇಲ್ಲ. ಅದನ್ನು ರಕ್ಷಣೆಯ ಪ್ರಮಾಣಪತ್ರವೆಂದು ಓದಿಕೊಂಡವನು ನಾನು. ಆ ಒಂದು ನಂಬಿಕೆಯಿಂದಲೇ ಉಳಿದ ತಪ್ಪುಗಳೂ ಹುಟ್ಟಿದವು: ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡಿಪಡಿಸುವ ಮಾತ್ರೆ ನುಂಗಿದ್ದು, ರಕ್ತನಾಳಗಳಿಂದ ದ್ರವ ಸೋರತೊಡಗುವ ಹೊತ್ತನ್ನೇ ಚೇತರಿಕೆಯೆಂದು ತಿಳಿದದ್ದು.

ಆದ್ದರಿಂದ ‘ಎಷ್ಟು ವರ್ಷ’ ಎಂದು ಕೇಳುವುದೇ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಯಾವ ವೈರಸ್, ಅದು ಎಷ್ಟು ಬದಲಾಗುತ್ತದೆ ಎಂದು ಮೊದಲು ಕೇಳಬೇಕು. 1846ರಲ್ಲಿ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ, 1781ರಲ್ಲಿ ಅದೇ ರೋಗ ಬಂದಿದ್ದ ವೃದ್ಧರಿಗೆ ಅದು ತಗಲಲಿಲ್ಲವೆಂದು ಪೀಟರ್ ಪಾನುಮ್ ಎಂಬ ಡೆನ್ಮಾರ್ಕಿನ ವೈದ್ಯರು ದಾಖಲಿಸಿದರು. 65 ವರ್ಷ ಉಳಿದ ನೆನಪು ಅದು. 1918ರ ಇನ್‌ಫ್ಲುಯೆಂಜಾದ ಕಾಲದಲ್ಲಿ ಬದುಕಿ ಉಳಿದಿದ್ದವರ ರಕ್ತದಲ್ಲಿ ಸುಮಾರು 90 ವರ್ಷಗಳ ನಂತರವೂ ಆ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಸಿಕ್ಕಿವೆ, ಆದರೂ ಫ್ಲೂ ಮನುಷ್ಯರನ್ನು ಮತ್ತೆ ಮತ್ತೆ ಕಾಡುತ್ತದೆ, ಏಕೆಂದರೆ ವೈರಸ್ ತನ್ನ ರೂಪ ಬದಲಿಸುತ್ತಲೇ ಇರುತ್ತದೆ. ನೆಗಡಿ ತರುವ ಕೊರೊನಾ ವೈರಸ್‌ಗಳಂತೂ ಒಂದು ವರ್ಷದೊಳಗೇ ಮರಳಿ ತಗಲಬಲ್ಲವು.

ಪ್ರತಿಕಾಯಗಳ ಪ್ರಮಾಣ ಇಳಿಯಿತೇ ಎಂದು ನೋಡಲು ಪದೇ ಪದೇ ರಕ್ತ ಕೊಡಬೇಡಿ. ಐಜಿಜಿ ಪ್ರತಿಕಾಯದ ಅರ್ಧಾಯುಷ್ಯ, ಅಂದರೆ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು ಮೂರು ವಾರ. ಅಸ್ಥಿಮಜ್ಜೆಯಲ್ಲಿ ನೆಲೆಸಿದ ಕೋಶಗಳು ಹೊಸದನ್ನು ತಯಾರಿಸುತ್ತಿರುವುದರಿಂದಲೇ ಅದು ವರ್ಷಗಟ್ಟಲೆ ಕಾಣುತ್ತದೆ. ಪ್ರಮಾಣ ತಗ್ಗಿದರೂ, ಹಿಂದೆ ಬಂದ ವೈರಸ್ಸನ್ನು ಗುರುತಿಸಬಲ್ಲ ನೆನಪಿನ ಕೋಶಗಳು ದೇಹದಲ್ಲಿ ಉಳಿದಿರಬಹುದು.

ಮುಂದೆ ಜ್ವರ ಬಂದರೆ ಮೊದಲ ದಿನಗಳಲ್ಲೇ ಎನ್ಎಸ್1 ಪರೀಕ್ಷೆ (ರಕ್ತದಲ್ಲಿ ಡೆಂಗಿ ವೈರಸ್ಸಿನ ಪ್ರೋಟೀನ್ ಇದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ, ಹಿಂದೆ ಡೆಂಗಿ ಬಂದಿತ್ತೆಂದು ವೈದ್ಯರಿಗೆ ಅವರು ಕೇಳುವ ಮೊದಲೇ ಹೇಳಿ. ಜ್ವರಕ್ಕೆ ಅವರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಮಾತ್ರ ಸಾಕು. ಜ್ವರ ಇಳಿದ ನಂತರದ ಎರಡು ದಿನ ಒಬ್ಬರೇ ಇರಬೇಡಿ. ಹೊಟ್ಟೆನೋವು, ವಾಂತಿ ಅಥವಾ ವಸಡಿನಲ್ಲಿ ರಕ್ತ ಕಂಡರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೊರಡಿ.