ಕಾಂಪೌಂಡ್ ದಾಟದ ನಾಯಿಗೂ ಆಪರೇಷನ್ ಬೇಕಾ?

ಪ್ರಶ್ನೆ: ನಮ್ಮನೆ ಲ್ಯಾಬ್ರಡಾರ್ ಚಿನ್ನಿಗೆ 4 ವರ್ಷ, ತೂಕ 28 ಕೆಜಿ. ಗಂಡುನಾಯಿ ಹತ್ರ ಒಂದಿನಾನೂ ಬಿಟ್ಟಿಲ್ಲ. ಹೋದ್ಸಲ ಹೀಟ್ (ಬೆದೆ) ಮುಗಿದು ಎರಡು ತಿಂಗಳಿಗೆ ನಮ್ಮ ಯಜಮಾನ್ರ ಚಪ್ಪಲಿ ಎಳ್ಕೊಂಡ್ಹೋಗಿ ಮಂಚದ ಕೆಳಗೆ ಇಟ್ಕೊಂಡು ಮರಿ ಥರ ನೆಕ್ತಾ ಕೂತಿದ್ಲು, ಮೊಲೇಲಿ ಹಾಲೂ ಬಂದಿತ್ತು. ಅದನ್ನ ನೋಡಿದಾಗಿಂದ ನಮ್ಮತ್ತೆ "ಪಾಪ, ಒಂದ್ಸಲ ಮರಿ ಹಾಕ್ಲಿ, ಆಮೇಲೆ ಮರಿ ಆಗದ ಹಾಗೆ ಆಪರೇಷನ್ ಮಾಡ್ಸಿ" ಅಂತಿದಾರೆ. ಈಗ ಮತ್ತೆ ಹೀಟ್ ಶುರುವಾಗಿದೆ. ಹೊರಗೇ ಹೋಗದ ನಾಯಿಗೆ ಆಪರೇಷನ್ ಯಾಕೆ?
- ಓದುಗರೊಬ್ಬರು, ತಿಪಟೂರು

ಉತ್ತರ: ಆ ಚಪ್ಪಲೀಲೇ ಉತ್ತರ ಇದೆ ನೋಡಿ. ಹೆಣ್ಣುನಾಯಿಗೆ ಗರ್ಭ ನಿಂತಿರ್ಲಿ ಬಿಡ್ಲಿ, ಹೀಟ್ ಆದ್ಮೇಲೆ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನ್ ಜಾಸ್ತಿನೇ ಇರುತ್ತೆ, ಅದು ಇಳಿಯೋ ಹೊತ್ತಿಗೆ ಹಾಲು, ಚಪ್ಪಲಿ ಮರಿ ಎಲ್ಲ. ಆಸೆ ಅಲ್ಲ ಅದು, ಹಾರ್ಮೋನು. ಆ ಎರಡು ತಿಂಗಳಲ್ಲಿ ಬರದೇ ಇರೋ ಮರಿಗೋಸ್ಕರ ಗರ್ಭಕೋಶದ ಒಳಪದರ ದಪ್ಪ ಆಗುತ್ತೆ, ಬಾಯಿ ಮುಚ್ಕೊಳುತ್ತೆ, ಹೀಟ್ ಟೈಮಲ್ಲಿ ಒಳಗೆ ಹೋಗಿದ್ದ ಬ್ಯಾಕ್ಟೀರಿಯಾ ಕೆಲವು ಸಲ ಅಲ್ಲೇ ಬೆಳ್ಕೊಂಡು ಕೀವಾಗುತ್ತೆ. ಇದೇ ಪಯೋಮೆಟ್ರಾ. ವರ್ಷಕ್ಕೆರಡು ಹೀಟ್ ಅಂದ್ರೆ ಎರಡು ಸಲ ಈ ಅಪಾಯ, ನಿಮ್ಮ ಕಾಂಪೌಂಡು ಇದನ್ನ ತಡೆಯಲ್ಲ, ಗರ್ಭಕೋಶ, ಅಂಡಾಶಯ ತೆಗೆಯೋ ಆಪರೇಷನ್ ತಡೆಯುತ್ತೆ. ನಾಯಿಗೆ ನಮ್ಮ ಹೆಂಗಸರ ಥರ ಮುಟ್ಟು ನಿಲ್ಲೋ ವಯಸ್ಸೂ ಇಲ್ಲ. ಸ್ವೀಡನ್‌ನಲ್ಲಿ ಇನ್ಶೂರೆನ್ಸ್ ಇರೋ ನಾಯಿಗಳ ಲೆಕ್ಕ ತೆಗೆದಾಗ, 10 ವರ್ಷದೊಳಗೆ ಹೆಚ್ಚುಕಮ್ಮಿ ನಾಲ್ಕರಲ್ಲೊಂದು ಹೆಣ್ಣುನಾಯಿಗೆ ಇದು ಬಂದಿತ್ತು.

ಒಂದ್ಸಲ ಮರಿ ಹಾಕಿದ್ರೆ ಆರೋಗ್ಯ ಅನ್ನೋದು ಬರೀ ನಂಬಿಕೆ. ಒಂಬತ್ತು ವರ್ಷದ ಪೊಮೆರೇನಿಯನ್ ಒಂದನ್ನ "ಶುಗರ್ ಬಂದಿರ್ಬೇಕು ಡಾಕ್ಟ್ರೇ, ಬರೀ ನೀರು ಕುಡಿಯುತ್ತೆ" ಅಂತ ನನ್ ಹತ್ರ ಕರ್ಕೊಂಡ್ಬಂದಿದ್ರು. ಎರಡು ಸೂಲು ಮರಿ ಹಾಕಿದ್ದ ನಾಯಿ, ಹೊಟ್ಟೆ ತೆಗೆದ್ರೆ ಪೆನ್ಸಿಲ್ ದಪ್ಪ ಇರ್ಬೇಕಾದ ಗರ್ಭಕೋಶ ಬಾಳೆಕಾಯಿ ಥರ ಊದಿ ತುಂಬಾ ಕೀವು. ಉಳೀತು, ಆದ್ರೆ ಆರೋಗ್ಯವಾಗಿದ್ದಾಗ ಮಾಡೋ ಆಪರೇಷನ್ನೇ ಬೇರೆ, ಮೈಗೆಲ್ಲ ನಂಜೇರಿದ್ಮೇಲೆ ಮಾಡೋದೇ ಬೇರೆ. ಇನ್ನೊಂದು, ಹೀಟ್ ನಿಲ್ಸೋಕೆ ಇಂಜೆಕ್ಷನ್ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ, ಅದೂ ಅದೇ ಪ್ರೊಜೆಸ್ಟರಾನ್ ಥರದ್ದೇ.

ಮುಚ್ಚಿಡದೇ ಹೇಳ್ತೀನಿ, ಮೊಲೆ ಗಡ್ಡೆ ವಿಷಯದಲ್ಲಿ ಮೊದಲ ಒಂದೆರಡು ಹೀಟ್ ಒಳಗೇ ಆಪರೇಷನ್ ಆದ್ರೆ ಸಿಗುತ್ತೆ ಅನ್ನೋ ಲಾಭ ಚಿನ್ನಿಗೆ ಈಗ ಅಷ್ಟಾಗಿ ಸಿಗಲ್ಲ. ಆಪರೇಷನ್ ಆದ್ಮೇಲೆ ಲ್ಯಾಬ್ರಡಾರ್‌ಗಳು ದಪ್ಪ ಆಗ್ತವೆ, ಊಟ ಕಮ್ಮಿ ಮಾಡ್ಬೇಕು, ಅತ್ತೆಯವ್ರು ಕದ್ದು ಹಾಕೋ ಬಿಸ್ಕೆಟ್ ಸೇರಿಸಿ. ಕೆಲವಕ್ಕೆ ಮಲಗಿದಾಗ ಮೂತ್ರ ಸೋರೋದೂ ಇದೆ, ಅದಕ್ಕೆ ಮಾತ್ರೆ ಇದೆ.

ಈಗಲೇ ಮಾಡಿಸ್ಬೇಡಿ, ಹೀಟ್‌ನಲ್ಲಿ ರಕ್ತನಾಳ ತುಂಬ್ಕೊಂಡಿರ್ತವೆ. ಮೂರು ತಿಂಗಳು ಬಿಡಿ, ಹಾಲೇನಾದ್ರೂ ಬಂದ್ರೆ ಅದು ಪೂರ್ತಿ ಬತ್ತಲಿ. ಅಲ್ಲೀತನಕ ನೀರಿನ ಬಟ್ಟಲಿಗೆ ಅಳತೆ ಮಾಡಿ ಹಾಕಿ. ದಿನಕ್ಕೆ ಮೂರು ಲೀಟರ್ ಹತ್ರ ಕುಡೀತಿದ್ರೆ, ಊಟ ಬಿಟ್ರೆ, ವಾಂತಿ ಮಾಡ್ಕೊಂಡ್ರೆ, ಹೊಟ್ಟೆ ಊದಿದ್ರೆ, ಕೀವು ಕಾಣ್ಲಿ ಕಾಣದೇ ಇರ್ಲಿ, ಅವತ್ತೇ ಡಾಕ್ಟರ ಹತ್ರ ಓಡಿ. ಬಾಯಿ ಮುಚ್ಚಿರೋ ಗರ್ಭಕೋಶದಿಂದ ಒಂದು ತೊಟ್ಟೂ ಹೊರಗೆ ಬರಲ್ಲ.